ಕಲ್ಲಿನೊಳಗಣ ಲೋಹ, ಮೈಯೊಳಗಣ ಲೋಹ

ರೇಡಿಯೋ ಇನ್ನೂ ಹೊಸದಾಗಿದ್ದ ಕಾಲದ ಒಂದು ಬಗೆಯ ಸೆಟ್ಟಿಗೆ ವಾಲ್ವೂ ಇರಲಿಲ್ಲ, ಬ್ಯಾಟರಿಯೂ ಬೇಕಾಗಿರಲಿಲ್ಲ. ಕಡಲೆಕಾಳಿನಷ್ಟು ಒಂದು ಹರಳು, ಅದರ ಮೈಯನ್ನು ಮುಟ್ಟಿಕೊಂಡಿರುವ ಕೂದಲಿನಂಥ ಒಂದು ತಂತಿ, ಒಂದು ಸುರುಳಿ, ಕಿವಿಗೆ ಹಚ್ಚಿಕೊಳ್ಳುವ ಹೆಡ್‌ಫೋನು, ಮರಕ್ಕೋ ಮಾಡಿಗೋ ಕಟ್ಟಿದ ಏರಿಯಲ್ಲು. ಅಷ್ಟಿದ್ದರೆ ಹತ್ತಿರದ ಸ್ಟೇಷನ್ನಿನ ಹಾಡು ಕೇಳುತ್ತಿತ್ತು. ಆ ಹರಳು ವಿದ್ಯುತ್ತನ್ನು ಒಂದು ದಿಕ್ಕಿಗೆ ಸುಲಭವಾಗಿ ಬಿಡುತ್ತದೆ, ಎದುರು ದಿಕ್ಕಿಗೆ ಬಿಡಲೊಲ್ಲದು. ಈ ಹಟದಿಂದಲೇ ಅಲೆಯೊಳಗಿನ ಮಾತು ಬೇರೆಯಾಗಿ ಕಿವಿಗೆ ಬರುತ್ತಿತ್ತು. ಇಂಥ ಹರಳಿನ ಉಪಯೋಗಕ್ಕೆ ೧೯೦೪ರಲ್ಲಿ ಅಮೆರಿಕದ ಪೇಟೆಂಟು ಪಡೆದವರು ನಮ್ಮ ಜಗದೀಶ ಚಂದ್ರ ಬೋಸರು. ಅವರ ಹರಳು ಸೀಸವೂ ಗಂಧಕವೂ ಕೂಡಿದ ಗೆಲೀನಾ. ಬೇರೆ ಕೆಲವರು ಕಬ್ಬಿಣವೂ ಗಂಧಕವೂ ಕೂಡಿದ ಪೈರೈಟನ್ನು ಬಳಸಿದರು. ಹಿತ್ತಾಳೆಯ ಹೊಳಪಿನ ಈ ಪೈರೈಟನ್ನು ಚಿನ್ನವೆಂದು ಬಗೆದು ಮೋಸಹೋದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಈಗಿನ ಸೆಟ್ಟುಗಳಲ್ಲಿ ಆ ಹರಳಿಲ್ಲ. ಆದರೂ ಅದನ್ನು ಇಲ್ಲಿ ಜ್ಞಾಪಿಸಿದ್ದಕ್ಕೆ ಕಾರಣವುಂಟು. ಲೋಹ ಮತ್ತು ಗಂಧಕ ಕೂಡಿದ ಕಲ್ಲು ಎಲೆಕ್ಟ್ರಾನುಗಳನ್ನು ಸಾಗಿಸಬಲ್ಲದು ಎಂಬ ಸಂಗತಿಯನ್ನು ಮನುಷ್ಯ ರೇಡಿಯೋಗೆ ಬಳಸಿಕೊಂಡದ್ದು ನೂರು ನೂರಿಪ್ಪತ್ತು ವರ್ಷಗಳ ಕೆಳಗೆ. ಜೀವವು ಇದೇ ಸಂಗತಿಯನ್ನು ಮುನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆಯೇ ಬಳಸಿಕೊಂಡಿತೆಂದೂ, ಪ್ರಾಯಶಃ ಅದರಿಂದಲೇ ಹುಟ್ಟಿತೆಂದೂ ಹೇಳುವ ರಸಾಯನಶಾಸ್ತ್ರಜ್ಞರು ಈಗ ಅನೇಕರಿದ್ದಾರೆ. ಆ ಮಾತಿಗೆ ಏನು ಆಧಾರ, ಅದರಲ್ಲಿ ನಂಬುವಂಥದೆಷ್ಟು ಎಂಬುದನ್ನು ನೋಡೋಣ. ಅದಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿಯೋ ಮಾಲೂರಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಕುಳಿತು ಇದನ್ನು ಓದುತ್ತಿರುವವರಿಗೆ ಬೇಕಾದ ಸಾಕ್ಷಿಗಳು ಜಿಲ್ಲೆಯಲ್ಲಿಯೇ ಇವೆ: ಒಂದು ಚಿನ್ನದ ಗಣಿಯ ಬಂಡೆ, ಇನ್ನೊಂದು ಹೊಲದ ಕೆಂಪು ಮಣ್ಣು. ಮೂರನೆಯದು ಓದುವವರ ಮೈಯಲ್ಲಿ ಹರಿಯುವ ರಕ್ತ.

ಮೊದಲು ಮೈಯ ಲೆಕ್ಕ. ವಯಸ್ಕನೊಬ್ಬನ ದೇಹದಲ್ಲಿ ಮೂರು ನಾಲ್ಕು ಗ್ರಾಂ ಕಬ್ಬಿಣವಿದೆ. ಎರಡಂಗುಲದ ಒಂದು ಮೊಳೆಯ ತೂಕ. ಸತು ಎರಡು ಮೂರು ಗ್ರಾಂ, ಮೆಗ್ನೀಸಿಯಂ ಇಪ್ಪತ್ತೈದು ಗ್ರಾಂ ಸುಮಾರು. ತಾಮ್ರ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಮ್ಯಾಂಗನೀಸು, ಮಾಲಿಬ್ಡಿನಂ, ಕೋಬಾಲ್ಟುಗಳು ಇನ್ನೂ ಕಡಿಮೆ. ಕೋಬಾಲ್ಟಂತೂ ಗ್ರಾಮಿನ ಸಾವಿರದಲ್ಲೊಂದು ಭಾಗದಷ್ಟು. ಈ ಚಿಟಿಕೆಯಷ್ಟು ಲೋಹವನ್ನು ತೆಗೆದುಬಿಟ್ಟರೆ ಉಳಿದ ಐವತ್ತು ಅರವತ್ತು ಕಿಲೋ ಮೈ ನಿಮಿಷಗಳಲ್ಲಿ ನಿಶ್ಚಲವಾಗುತ್ತದೆ. ನೆತ್ತರು ಆಮ್ಲಜನಕವನ್ನು ಹೊರುವುದು ಕಬ್ಬಿಣದಿಂದ. ಎಲೆಯ ಹಸುರಿನ ನಡುವೆ ಕುಳಿತಿರುವುದು ಮೆಗ್ನೀಸಿಯಂ. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವುದು ಕಬ್ಬಿಣ, ಮಾಲಿಬ್ಡಿನಂಗಳ ಬಲದಿಂದ.

ಲೋಹಕ್ಕೆ ಈ ಶಕ್ತಿ ಎಲ್ಲಿಂದ ಬಂತು? ದನದ ಜಾತ್ರೆಯಲ್ಲಿ ಎತ್ತು ಮಾರುವವನೂ ಕೊಳ್ಳುವವನೂ ಎದುರು ಬದುರು ನಿಂತಿರುತ್ತಾರೆ. ಇಬ್ಬರಿಗೂ ವ್ಯಾಪಾರ ಬೇಕು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಆಗ ದಳ್ಳಾಳಿಯೊಬ್ಬ ನಡುವೆ ಬಂದು, ವಸ್ತ್ರದ ಮರೆಯಲ್ಲಿ ಇವನ ಬೆರಳು ಹಿಡಿದು, ಅವನ ಬೆರಳು ಹಿಡಿದು, ಮಾತು ಮುಗಿಸಿಬಿಡುತ್ತಾನೆ. ಎತ್ತು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತದೆ; ದಳ್ಳಾಳಿ ಮಾತ್ರ ಮುಂದಿನ ವ್ಯಾಪಾರಕ್ಕೆ ಹೊರಡುತ್ತಾನೆ. ರಸಾಯನ ಕ್ರಿಯೆಯಲ್ಲಿ ಇಂಥ ಕೆಲಸ ಮಾಡುವ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಅಣುಗಳ ಜಾತ್ರೆಯಲ್ಲಿ ಕೈ ಬದಲಾಯಿಸುವ ಎತ್ತು ಯಾವುದೆಂದರೆ ಎಲೆಕ್ಟ್ರಾನು. ಕಬ್ಬಿಣದ ಪರಮಾಣುವಿಗೆ ಎರಡು ಸ್ಥಿತಿಗಳು ಸಲೀಸು: ಎರಡು ಎಲೆಕ್ಟ್ರಾನು ಬಿಟ್ಟುಕೊಟ್ಟ ಫೆರಸ್ ಸ್ಥಿತಿ, ಮೂರು ಬಿಟ್ಟುಕೊಟ್ಟ ಫೆರಿಕ್ ಸ್ಥಿತಿ. ಒಂದರಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೆ ಮೊದಲಿನದಕ್ಕೆ ಹೋಗಿ ಬರುತ್ತ ಅದು ಎಲೆಕ್ಟ್ರಾನನ್ನು ಇಲ್ಲಿ ಪಡೆದು ಅಲ್ಲಿ ಕೊಡುತ್ತದೆ. ನಿಕ್ಕಲು, ತಾಮ್ರ, ಮ್ಯಾಂಗನೀಸುಗಳದೂ ಇದೇ ಜಾತಿಯ ಕಸಬು.

ಚಿನ್ನಕ್ಕೆ ಈ ಕಸಬು ಬಾರದು. ಅದು ತನ್ನ ಎಲೆಕ್ಟ್ರಾನನ್ನು ಸುಲಭವಾಗಿ ಬಿಡುವುದಿಲ್ಲ. ತುಕ್ಕು ಹಿಡಿಯದಿರುವುದಕ್ಕೂ ಅದೇ ಕಾರಣ. ಕೋಲಾರದ ಗಣಿಗಳಿಂದ ೧೮೮೦ರ ದಶಕದಿಂದ ೨೦೦೧ರ ವರೆಗೆ ಸುಮಾರು ೮೦೦ ಟನ್ನು ಚಿನ್ನ ಬಂತು. ಅದಕ್ಕಾಗಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಸತ್ತವರೆಷ್ಟೋ, ಎದೆಯೊಳಗೆ ಕಲ್ಲುಪುಡಿ ತುಂಬಿಕೊಂಡು ಕೆಮ್ಮಿದವರೆಷ್ಟೋ. ಆ ಚಿನ್ನದಲ್ಲಿ ಒಂದು ಗುಂಜಿಯೂ ನಮ್ಮ ಉಸಿರಾಟಕ್ಕೆ ಬೇಕಾದದ್ದಲ್ಲ. ಬೇಕಾದದ್ದು ಚಿನ್ನದ ಜೊತೆಗೆ ಮೇಲೆ ಬಂದು ಗುಡ್ಡೆಯಾಗಿ ಬಿದ್ದ ಕಲ್ಲಿನಲ್ಲಿತ್ತು.

ಆ ಕಲ್ಲಿನ ಮಾತಿಗೆ ಬರೋಣ. ಕೋಲಾರದ ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಕಪ್ಪು ಶಿಲೆಯ ಸೀಳು ಉತ್ತರದಿಂದ ದಕ್ಷಿಣಕ್ಕೆ ಸುಮಾರು ೮೦ ಕಿಲೋಮೀಟರು ಉದ್ದ. ಅಗಲ ಮಾತ್ರ ಕೆಲವೇ ಕಿಲೋಮೀಟರು. ಅದರ ಎರಡೂ ಮಗ್ಗುಲಲ್ಲಿ ನೈಸ್ ಮತ್ತು ಕಣಶಿಲೆ. ಪಟ್ಟಿಯ ಕಪ್ಪು ಕಲ್ಲು ಒಂದು ಕಾಲದ ಲಾವಾ. ವಯಸ್ಸು ಸುಮಾರು ೨೭೦ ಕೋಟಿ ವರ್ಷ. ಅದರಲ್ಲಿ ಕೆಲವೆಡೆ ಒಂದರ ಮೇಲೊಂದು ಪೇರಿಸಿದ ದಿಂಬುಗಳಂಥ ಆಕಾರ ಕಾಣುತ್ತದೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರವೇ ಥಟ್ಟನೆ ತಣಿದು ಇಂಥ ದಿಂಬಾಗುತ್ತದೆ. (ಇದರ ಅಂದವಾದ ಮಾದರಿಯನ್ನು ನೋಡಬೇಕೆನ್ನುವವರು ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೋಗಬೇಕು.) ಮಳೆಗಾಗಿ ಮುಗಿಲು ನೋಡುವ, ನೀರಿಗಾಗಿ ಸಾವಿರ ಅಡಿ ಕೊರೆಯುವ ಈ ಜಿಲ್ಲೆಯ ನಡುವೆ ಸಮುದ್ರದ ತಳವೊಂದು ನೆಟ್ಟಗೆ ನಿಂತಿದೆ ಎಂದರೆ ನಂಬುವುದು ಕಷ್ಟವೇ. ಪಟ್ಟಿಯ ಎಡಬಲದ ಶಿಲೆಗಳ ಚರಿತ್ರೆ ಬೇರೆ ಬೇರೆ ಎಂದೂ, ಎರಡು ಭೂಭಾಗಗಳು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಬಂದು ಇಲ್ಲಿ ಬೆಸೆದುಕೊಂಡವೆಂದೂ ವಿ. ರಾಜಮಣಿಯವರೂ ಅವರ ಸಂಗಡಿಗರೂ ೧೯೮೯ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು.

ಈ ಪಟ್ಟಿಯಲ್ಲಿ ಲಾವಾದ ಜೊತೆಗೆ ಇನ್ನೆರಡು ವಸ್ತುಗಳಿವೆ. ಒಂದು, ಕಬ್ಬಿಣದ ಅದಿರೂ ಬೆಣಚೂ ಪಟ್ಟೆ ಪಟ್ಟೆಯಾಗಿ ಕೂಡಿದ ಕಲ್ಲು. ಎರಡು, ಪಶ್ಚಿಮದ ಕಡೆಯ ಅದಿರಿನ ಎಳೆಗಳಲ್ಲಿ ಕಬ್ಬಿಣ ಗಂಧಕಗಳು ಕೂಡಿದ ಖನಿಜಗಳು. ನಾವು ರೇಡಿಯೋ ಹರಳಿನಲ್ಲಿ ಕಂಡ ಪೈರೈಟಿನ ದಾಯಾದಿಗಳು. ಪಟ್ಟೆಕಲ್ಲು ಹುಟ್ಟಬೇಕಾದರೆ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿರಬೇಕು. ಇಂದಿನ ಸಮುದ್ರದಲ್ಲಿ ಅದು ಆಗದ ಮಾತು. ಆಮ್ಲಜನಕ ತಾಗಿದೊಡನೆ ಕಬ್ಬಿಣ ಫೆರಿಕ್ ಆಗಿ ತುಕ್ಕಾಗಿ ತಳ ಸೇರುತ್ತದೆ. ಅಂದಿನ ಗಾಳಿಯಲ್ಲಿ ಆಮ್ಲಜನಕವಿರಲಿಲ್ಲ. ಫೆರಸ್ ಕಬ್ಬಿಣ ಸಕ್ಕರೆಯಂತೆ ನೀರಿನಲ್ಲಿ ಕರಗಿ ಲೋಕವೆಲ್ಲ ಸುತ್ತುತ್ತಿತ್ತು.

ಒಂದು ಎಚ್ಚರಿಕೆ. ಕೋಲಾರದ ಈ ಕಡಲತಳದಲ್ಲಿ ಜೀವ ಹುಟ್ಟಿತೆಂದು ಹೇಳುವಂತಿಲ್ಲ. ಆಸ್ಟ್ರೇಲಿಯಾದ ಪಶ್ಚಿಮದಲ್ಲಿ ಸುಮಾರು ೩೪೮ ಕೋಟಿ ವರ್ಷಗಳ ಶಿಲೆಯಲ್ಲಿಯೇ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತು ಸಿಕ್ಕಿದೆ. ಕೋಲಾರದ ಲಾವಾ ಉಕ್ಕುವ ವೇಳೆಗೆ ಜೀವಕ್ಕೆ ಎಪ್ಪತ್ತು ಎಂಬತ್ತು ಕೋಟಿ ವರ್ಷವಾದರೂ ಆಗಿತ್ತು. ಆದರೆ ಜೀವ ಹುಟ್ಟಿದ ಲೋಕ ಹೇಗಿತ್ತು, ಅದರ ನೀರಿನಲ್ಲಿ ಏನಿತ್ತು ಎಂಬುದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಇಂಥ ಕಲ್ಲೇ ಗತಿ.

ಇನ್ನು ಪ್ರಯೋಗಶಾಲೆ. ೧೯೫೩ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ಅಮೆರಿಕದ ತರುಣ ವಿದ್ಯಾರ್ಥಿ ಗಾಜಿನ ಬುರುಡೆಯಲ್ಲಿ ಮೀಥೇನ್, ಅಮೋನಿಯಾ, ಜಲಜನಕ, ನೀರಿನ ಹಬೆಗಳನ್ನು ತುಂಬಿ, ಒಂದು ವಾರ ವಿದ್ಯುತ್ತಿನ ಕಿಡಿ ಹಾರಿಸಿ, ಅಮೈನೋ ಆಮ್ಲಗಳನ್ನು ಪಡೆದ ಕಥೆ ಶಾಲೆಯ ಪುಸ್ತಕಗಳಲ್ಲಿದೆ. ಅದರಷ್ಟು ಪ್ರಸಿದ್ಧವಲ್ಲದ ಕಥೆ ನಮ್ಮ ಅಲಹಾಬಾದಿನದು. ಅಲ್ಲಿನ ವಿಶ್ವವಿದ್ಯಾನಿಲಯದ ಕೃಷ್ಣ ಬಹಾದುರರು ೧೯೫೪ರಲ್ಲಿಯೇ ಬೆಳಕಿನ ಬಲದಿಂದ, ಕಬ್ಬಿಣದ ಲವಣದ ಸಹಾಯದಿಂದ ಅಮೈನೋ ಆಮ್ಲಗಳು ಹುಟ್ಟುವುದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದೆ ೧೯೬೩-೬೪ರ ಸುಮಾರಿಗೆ ಮಾಲಿಬ್ಡಿನಂ ಲವಣ, ರಂಜಕದ ಲವಣ, ಫಾರ್ಮಾಲ್ಡಿಹೈಡ್ ಮುಂತಾದವನ್ನು ನೀರಿನಲ್ಲಿ ಬೆರೆಸಿ ಬಿಸಿಲಿಗೆ ಇಟ್ಟರು. ನೀರಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ದುಂಡು ಕಣಗಳು ಮೂಡಿದವು. ಬಹಾದುರರು ಅವಕ್ಕೆ ‘ಜೀವಾಣು’ ಎಂದು ಹೆಸರಿಟ್ಟು, ಅವು ಬೆಳೆಯುತ್ತವೆ, ಮೊಗ್ಗೊಡೆಯುತ್ತವೆ ಎಂದರು. ಜೀವವನ್ನೇ ಮಾಡಿದೆವೆಂಬಂಥ ಈ ಮಾತನ್ನು ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. ಅಮೆರಿಕದ ನಾಸಾ ಸಂಸ್ಥೆಯವರು ೧೯೬೭ರಲ್ಲಿ ಮಾಡಿದ ವಿಮರ್ಶೆಯೂ ಸಂದೇಹದಲ್ಲಿಯೇ ಮುಗಿಯಿತು. ಒಪ್ಪದಿದ್ದುದು ಸರಿಯೇ ಎಂದು ನಾನೂ ಹೇಳುವೆನು. ಆದರೆ ಲೋಹವಿಲ್ಲದೆ ಈ ಆಟ ನಡೆಯದೆಂದು ಬಹಾದುರರು ಅಷ್ಟು ಮುಂಚೆ ಹಿಡಿದ ಜಾಡಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

೧೯೭೭ರಲ್ಲಿ ಶಾಂತಸಾಗರದ ಗಲಪಗಾಸ್ ದ್ವೀಪಗಳ ಬಳಿ ಎರಡೂವರೆ ಸಾವಿರ ಮೀಟರು ಆಳದ ಕಡಲತಳದಲ್ಲಿ ಬಿಸಿನೀರಿನ ಬುಗ್ಗೆಗಳೂ, ಸೂರ್ಯನ ಹಂಗಿಲ್ಲದೆ ಅವುಗಳ ಸುತ್ತ ಬಾಳುವ ಪ್ರಾಣಿಗಳ ಕೇರಿಯೂ ಕಂಡವು. ಎರಡು ವರ್ಷಗಳ ಮೇಲೆ, ಕಪ್ಪು ಹೊಗೆಯಂತೆ ಲೋಹ-ಗಂಧಕದ ಪುಡಿಯನ್ನು ಉಗುಳುವ ಕಲ್ಲಿನ ಚಿಮಣಿಗಳು ಇನ್ನೊಂದೆಡೆ ಸಿಕ್ಕವು. (ನಮ್ಮ ವಿಜ್ಞಾನಿಗಳು ಹಿಂದೂ ಮಹಾಸಾಗರದಲ್ಲಿ ೪,೫೦೦ ಮೀಟರು ಆಳದ ಇಂಥ ಬುಗ್ಗೆಯೊಂದರ ಚಿತ್ರ ತೆಗೆದ ಸುದ್ದಿ ೨೦೨೪ರ ಡಿಸೆಂಬರಿನಲ್ಲಿ ಬಂತು.) ೧೯೮೮ರಲ್ಲಿ ಗುಂಟರ್ ವೆಕ್ಟರ್ಸ್‌ಹೌಸರ್ ಎಂಬ ಜರ್ಮನಿಯವರು ಒಂದು ಹೊಸ ವಾದವನ್ನು ಮುಂದಿಟ್ಟರು. ಓದಿದ್ದು ರಸಾಯನಶಾಸ್ತ್ರ, ಹೊಟ್ಟೆಪಾಡಿಗೆ ಪೇಟೆಂಟು ವಕೀಲಿ. ಕಬ್ಬಿಣವೂ ಗಂಧಕವೂ ಸೇರಿ ಪೈರೈಟ್ ಆಗುವಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವನ್ನು ಇಂಗಾಲಾಮ್ಲ ವಾಯುವಿಗೆ ಕೊಟ್ಟರೆ ಜೀವಕ್ಕೆ ಬೇಕಾದ ಇಂಗಾಲದ ಅಣುಗಳು ಕಲ್ಲಿನ ಮೈಮೇಲೆಯೇ ಕಟ್ಟಿಕೊಳ್ಳಬಹುದು ಎಂಬುದು ಅವರ ವಾದದ ಹುರುಳು. ವಕೀಲರ ವಾದವೆಂದು ನಕ್ಕವರಿದ್ದರೇನೋ. ೧೯೯೭ರಲ್ಲಿ ಅವರೂ ಕ್ಲಾಡಿಯಾ ಹ್ಯೂಬರರೂ ಕಬ್ಬಿಣ ಮತ್ತು ನಿಕ್ಕಲಿನ ಗಂಧಕದ ಮೇಲೆ, ಕುದಿನೀರಿನ ಶಾಖದಲ್ಲಿ, ಇಂಗಾಲದ ಅನಿಲಗಳಿಂದ ಅಸಿಟಿಕ್ ಆಮ್ಲವನ್ನು ಪಡೆದು ತೋರಿಸಿದರು. ಅಸಿಟಿಕ್ ಆಮ್ಲವೆಂದರೆ ವಿನಿಗರಿನ ಹುಳಿ. ಅದೇನು ಮಹಾ ಎನ್ನಬೇಡಿ. ನಮ್ಮ ಮೈಯೊಳಗೆ ಕೊಬ್ಬು, ಸಕ್ಕರೆಗಳ ವ್ಯವಹಾರವೆಲ್ಲ ಈ ಎರಡು ಇಂಗಾಲದ ತುಣುಕಿನ ಮೂಲಕವೇ ಹಾಯಬೇಕು.

ಜಲಜನಕವನ್ನೂ ಇಂಗಾಲಾಮ್ಲ ವಾಯುವನ್ನೂ ಒಂದು ಸೀಸೆಯಲ್ಲಿ ತುಂಬಿ ಬಿರಡೆ ಹಾಕಿಡಿ. ವರ್ಷಗಳು ಕಳೆದರೂ ಒಂದನ್ನೊಂದು ತಿರುಗಿ ನೋಡುವುದಿಲ್ಲ. ೨೦೨೦ರಲ್ಲಿ ಡ್ಯೂಸೆಲ್‌ಡಾರ್ಫಿನ ವಿಲಿಯಂ ಮಾರ್ಟಿನ್ನರ ಬಳಗದವರು ಅದೇ ಸೀಸೆಗೆ ನೀರು ಹಾಕಿ, ಕಬ್ಬಿಣದ ಅಯಸ್ಕಾಂತ ಶಿಲೆ, ಕಬ್ಬಿಣದ ಗಂಧಕ, ಕಬ್ಬಿಣ-ನಿಕ್ಕಲಿನ ಮಿಶ್ರಲೋಹ, ಇವುಗಳಲ್ಲಿ ಒಂದೊಂದನ್ನು ಬೆರೆಸಿ ನೂರು ಡಿಗ್ರಿ ಶಾಖ ಕೊಟ್ಟರು. ಬೆಳಗಾಗುವುದರೊಳಗೆ ಫಾರ್ಮಿಕ್, ಅಸಿಟಿಕ್, ಪೈರುವಿಕ್ ಆಮ್ಲಗಳು ಕಾಣಿಸಿಕೊಂಡವು. ದಳ್ಳಾಳಿ ಬಂದ, ವ್ಯಾಪಾರ ಕುದುರಿತು. ಅದರ ಹಿಂದಿನ ವರ್ಷ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಕಮಿಲಾ ಮುಚೋವ್‌ಸ್ಕಾ ಮತ್ತು ಜೋಸೆಫ್ ಮೋರನ್ ಇನ್ನೊಂದು ಬಾಗಿಲು ತೆರೆದಿದ್ದರು. ಪೈರುವಿಕ್ ಆಮ್ಲಕ್ಕೆ ಅದರಂಥದೇ ಇನ್ನೊಂದು ಪುಟ್ಟ ಅಣುವನ್ನು ಸೇರಿಸಿ, ಫೆರಸ್ ಕಬ್ಬಿಣವಿರುವ ಬೆಚ್ಚಗಿನ ನೀರಿನಲ್ಲಿ ಬಿಟ್ಟಾಗ, ಉಸಿರಾಡುವ ಜೀವಕೋಶದ ಕೇಂದ್ರ ಚಕ್ರದಲ್ಲಿ ಬರುವ ಹನ್ನೊಂದು ಅಣುಗಳಲ್ಲಿ ಒಂಬತ್ತು ತಾವಾಗಿ ಹುಟ್ಟಿದವು. ಆ ಚಕ್ರವನ್ನು ೧೯೩೭ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಕಂಡುಹಿಡಿದಾಗ ಅದಕ್ಕೆ ನಿಂಬೆಹುಳಿಯ, ಅಂದರೆ ಸಿಟ್ರಿಕ್ ಆಮ್ಲದ, ಚಕ್ರವೆಂದು ಹೆಸರಾಗಿತ್ತು. ಸ್ಟ್ರಾಸ್‌ಬರ್ಗಿನ ಪಾತ್ರೆಯಲ್ಲಿ ಕಿಣ್ವವಿಲ್ಲ, ಜೀವವಿಲ್ಲ. ನೀರು, ಬೆಚ್ಚಗಿನ ಕಾವು, ಕಬ್ಬಿಣ ಮಾತ್ರ.

ಕಿಣ್ವಗಳ ಕಡೆಯಿಂದ ನೋಡಿದರೂ ದಾರಿ ಇಲ್ಲಿಗೇ ಬರುತ್ತದೆ. ೧೯೬೨ರಲ್ಲಿ ಫೆರಡಾಕ್ಸಿನ್ ಎಂಬ ಪ್ರೋಟೀನು ಸಿಕ್ಕಿತು. ಸೂಕ್ಷ್ಮಜೀವಿಗಳಲ್ಲಿ ಎಲೆಕ್ಟ್ರಾನು ಸಾಗಿಸುವುದು ಅದರ ಉದ್ಯೋಗ. ಅದರ ಗರ್ಭದಲ್ಲಿರುವುದು ಕಬ್ಬಿಣದ ನಾಲ್ಕು, ಗಂಧಕದ ನಾಲ್ಕು ಪರಮಾಣುಗಳು ಮೂಲೆಮೂಲೆಗೆ ಕುಳಿತ ಒಂದು ಪುಟ್ಟ ಘನಾಕೃತಿ. ಕಲ್ಲಿನ ಒಂದು ಚೂರನ್ನೇ ಕಿತ್ತು ಪ್ರೋಟೀನಿನ ಗೂಡಿನಲ್ಲಿ ಇಟ್ಟಂತಿದೆ. ಮಾರ್ಗರೆಟ್ ಡೇಹಾಫ್ ಮತ್ತು ರಿಚರ್ಡ್ ಎಕ್ ೧೯೬೬ರಲ್ಲಿ ಅದರ ಅಮೈನೋ ಆಮ್ಲಗಳ ಸಾಲನ್ನು ಜಾಲಿಸಿ ನೋಡಿ, ಇದು ನಾಲ್ಕೇ ಬಗೆಯ ಅಮೈನೋ ಆಮ್ಲಗಳ ಚಿಕ್ಕ ಸರವೊಂದು ಮತ್ತೆ ಮತ್ತೆ ಮರುಕಳಿಸಿ ಬೆಳೆದದ್ದು, ಜೀವದ ಅತಿ ಹಳೆಯ ಪ್ರೋಟೀನುಗಳಲ್ಲಿ ಒಂದು ಎಂದರು. ಅಷ್ಟು ಹಳೆಯದರ ಕೈಯಲ್ಲಿ ಕಬ್ಬಿಣ ಗಂಧಕಗಳೇ ಇರುವುದು ಕಾಕತಾಳೀಯವೆನ್ನಲು ಮನಸ್ಸು ಒಪ್ಪುವುದಿಲ್ಲ.

ಎಲ್ಲರೂ ಕಡಲತಳವನ್ನು ಒಪ್ಪಿಲ್ಲವೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಕೇಂಬ್ರಿಜ್ಜಿನ ಜಾನ್ ಸದರ್ಲೆಂಡ್ ಮುಂತಾದವರು ಬಿಸಿಲು ಬೀಳುವ ನೆಲದ ಮೇಲಿನ ಹೊಂಡಗಳ ಪಕ್ಷ. ಅವರ ಮೂಲದ್ರವ್ಯ ಸೈನೈಡು. ೧೯೬೦ರಲ್ಲಿ ಹುವಾನ್ ಓರೋ ಅಮೋನಿಯಂ ಸೈನೈಡಿನ ನೀರನ್ನು ಬಿಸಿಮಾಡಿ ಅಡೆನೀನನ್ನು ಪಡೆದರು. ನಮ್ಮ ವಂಶವಾಹಿಯ ನಾಲ್ಕು ಅಕ್ಷರಗಳಲ್ಲಿ ಅದೊಂದು. ಕೆ.ಜಿ.ಎಫ್. ಕಡೆಯವರಿಗೆ ಸೈನೈಡೆಂಬ ಹೆಸರು ಕೇಳಿದರೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ. ಕಲ್ಲನ್ನು ಹಿಟ್ಟುಮಾಡಿ ಸೈನೈಡಿನ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದ ಮೇಲೂ ಊರ ಸುತ್ತ ನಿಂತಿವೆ. ಗಾಳಿ ಎದ್ದರೆ ಧೂಳು ಮನೆಗಳೊಳಕ್ಕೆ ಬರುತ್ತದೆ. ಸೈನೈಡು ಕೊಲ್ಲುವ ಬಗೆಯೂ ನಮ್ಮ ವಿಷಯಕ್ಕೆ ಸೇರಿದ್ದೇ. ಜೀವಕೋಶದಲ್ಲಿ ಉಸಿರಿನ ಕೊನೆಯ ಮೆಟ್ಟಿಲಲ್ಲಿ ಆಮ್ಲಜನಕಕ್ಕೆ ಎಲೆಕ್ಟ್ರಾನು ಕೊಡುವ ಕಿಣ್ವದಲ್ಲಿ ಕಬ್ಬಿಣವೂ ತಾಮ್ರವೂ ಇವೆ. ಸೈನೈಡು ಆ ಕಬ್ಬಿಣವನ್ನು ಅಪ್ಪಿ ಹಿಡಿದುಬಿಡುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಜೀವಕೋಶ ಉಸಿರುಕಟ್ಟಿ ಸಾಯುತ್ತದೆ. ಆದಿಯಲ್ಲಿಯೂ ಇದೇ ಅಪ್ಪುಗೆ ಕಬ್ಬಿಣದೊಡನೆ ಸೈನೈಡನ್ನು ಹೊಂಡಗಳಲ್ಲಿ ಕೂಡಿಟ್ಟಿರಬೇಕೆಂದು ಹೊಂಡದ ಪಕ್ಷದವರ ಊಹೆ. ಅವರ ಪ್ರಯೋಗಗಳಲ್ಲಿ ತಾಮ್ರಕ್ಕೂ ಪಾತ್ರವಿದೆ. ಹೀಗೆ, ಜಗಳ ಸ್ಥಳದ ಬಗೆಗೆ. ಲೋಹ ಬೇಕೆಂಬುದರಲ್ಲಿ ಇಬ್ಬರಿಗೂ ಅಷ್ಟೇನೂ ಭೇದವಿಲ್ಲ. ನನಗೆ ಕಡಲತಳದವರ ವಾದ ಹೆಚ್ಚು ಹಿಡಿಸುತ್ತದೆ. ಅವರ ಪಾತ್ರೆಯಲ್ಲಿ ಹುಟ್ಟುವ ಅಣುಗಳು ಇಂದೂ ಬದುಕಿರುವ ಜೀವಿಗಳ ಅಡುಗೆಮನೆಯವೇ. ಆದರೆ ಅಲ್ಲಿಂದ ವಂಶವಾಹಿಯ ವರೆಗಿನ ದಾರಿಯನ್ನು ಅವರೂ ಇನ್ನೂ ನಡೆದು ತೋರಿಸಿಲ್ಲ.

ಇಂದೂ ಬದುಕಿರುವ ಎಂದೆನಲ್ಲವೆ? ಹಿತ್ತಲಿನಲ್ಲಿ ಗೋಬರ್ ಗ್ಯಾಸಿನ ಗುಂಡಿ ಇರುವವರು ಅಂಥ ಜೀವಿಗಳನ್ನು ಸಾಕುತ್ತಲೇ ಇದ್ದಾರೆ. ಒಲೆಗೆ ಬರುವ ಮೀಥೇನನ್ನು ತಯಾರಿಸುವ ಸೂಕ್ಷ್ಮಜೀವಿಗಳು ಆಮ್ಲಜನಕ ತಾಗಿದರೆ ಉಳಿಯಲಾರವು. ಹಸುವಿನ ಹೊಟ್ಟೆ, ಕೆರೆಯ ಕೆಸರು, ಮುಚ್ಚಿದ ಗುಂಡಿ, ಇವೇ ಅವುಗಳ ಮನೆ. ಅವುಗಳ ಮುಖ್ಯ ಕಿಣ್ವದ ನಡುವೆ ನಿಕ್ಕಲಿನ ಪರಮಾಣುವಿದೆ. ಭೂಮಿಯ ಎಳೆತನದಲ್ಲಿ ಅತಿ ಬಿಸಿಯಾದ, ನಿಕ್ಕಲು ಹೇರಳವಾಗಿದ್ದ ಲಾವಾ ಸಮುದ್ರಕ್ಕೆ ಬೀಳುತ್ತಿತ್ತು. ಕೋಲಾರದ ಪಟ್ಟಿಯಲ್ಲಿಯೂ ಆ ಜಾತಿಗೆ ಹತ್ತಿರದ ಶಿಲೆಯುಂಟು. ಭೂಮಿ ತಣಿದಂತೆ, ಸುಮಾರು ೨೭೦ ಕೋಟಿ ವರ್ಷಗಳ ಈಚೆಗೆ, ನಿಕ್ಕಲು ಕಡಿಮೆಯಾಯಿತೆಂಬುದನ್ನು ಲೋಕದ ನಾನಾ ಕಡೆಯ ಪಟ್ಟೆಕಲ್ಲುಗಳನ್ನು ಅಳೆದು ೨೦೦೯ರಲ್ಲಿ ಕರ್ಟ್ ಕಾನ್‌ಹೌಸರ್ ಮತ್ತು ಜೊತೆಗಾರರು ತೋರಿಸಿದರು. ಮೀಥೇನಿನ ಜೀವಿಗಳಿಗೆ ಬರಗಾಲ ಬಂತು. ಆಮ್ಲಜನಕಕ್ಕೆ ದಾರಿ ತೆರವಾಯಿತು ಎಂಬುದು ಅವರ ಅಭಿಪ್ರಾಯ.

ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ನಿಂತಿತು. ಅದು ಬಂದದ್ದೂ ಲೋಹದಿಂದಲೇ: ಬಿಸಿಲಿನಲ್ಲಿ ನೀರನ್ನು ಒಡೆಯುವ ಯಂತ್ರದ ನಡುವೆ ಮ್ಯಾಂಗನೀಸಿನ ನಾಲ್ಕು ಪರಮಾಣುಗಳಿವೆ. ಆದರೆ ಬಂದ ಆಮ್ಲಜನಕ ಮಾಡಿದ ಮೊದಲ ಕೆಲಸ ಸಮುದ್ರದ ಕಬ್ಬಿಣವನ್ನು ತುಕ್ಕು ಮಾಡಿ ಹೊರಹಾಕಿದ್ದು. ಕಬ್ಬಿಣದ ನೀರಿನಲ್ಲಿ ಹುಟ್ಟಿ, ಕಬ್ಬಿಣವನ್ನೇ ನಂಬಿ ಬೆಳೆದ ಜೀವಕ್ಕೆ ಅಂದಿನಿಂದ ಕಬ್ಬಿಣದ ಹಸಿವು ತಪ್ಪಿಲ್ಲ.

ತಾಯಲೂರು ಸೀಮೆಯ ಕೆಂಪು ಮಣ್ಣನ್ನು ಒಂದು ಹಿಡಿ ತೆಗೆದುಕೊಂಡರೆ ಆ ಹಸಿವಿನ ಅರ್ಥ ತಿಳಿಯುತ್ತದೆ. ಅದರ ಕೆಂಪು ಫೆರಿಕ್ ಕಬ್ಬಿಣದ್ದು. ಆ ಹಿಡಿಯಲ್ಲಿರುವಷ್ಟು ಕಬ್ಬಿಣ ನಾಲ್ಕು ದಿನದ ಊಟದಲ್ಲಿಯೂ ಇರುವುದಿಲ್ಲ. ಆದರೆ ಅದು ನೀರಿನಲ್ಲಿ ಕರಗದು, ಬೇರಿಗೆ ಸುಲಭವಾಗಿ ಸಿಕ್ಕದು. ಆ ಮಣ್ಣಿನ ಮೇಲೆ ಓಡಾಡುವವರ ರಕ್ತದಲ್ಲಿಯೋ ಕೊರತೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೫ರಿಂದ ೪೯ ವರ್ಷದ ಹೆಂಗಸರಲ್ಲಿ ಶೇಕಡಾ ೫೭ ಮಂದಿಗೆ, ಕರ್ನಾಟಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಎಲ್ಲವೂ ಕಬ್ಬಿಣದ ಅಭಾವದಿಂದ ಬಂದದ್ದಲ್ಲ. ಆದರೆ ಅದು ಮುಖ್ಯ ಕಾರಣಗಳಲ್ಲೊಂದು.

ಕಲ್ಲಿನ ರಸಾಯನ ಅಡುಗೆಮನೆಗೆ ಬರುವುದು ಇಲ್ಲಿ. ಸೊಪ್ಪು, ಕಾಳು, ರಾಗಿಗಳಲ್ಲಿರುವ ಕಬ್ಬಿಣವನ್ನು ಕರುಳು ಹೀರಬೇಕಾದರೆ ಅದು ಫೆರಿಕ್‌ನಿಂದ ಫೆರಸ್ ಆಗಬೇಕು. ಆಮ್ಲಜನಕವಿಲ್ಲದ ಆ ಹಳೆಯ ಸಮುದ್ರದಲ್ಲಿದ್ದ ರೂಪಕ್ಕೆ ಮರಳಬೇಕು. ನಿಂಬೆಹಣ್ಣು, ನೆಲ್ಲಿಕಾಯಿಗಳ ಸಿ ಜೀವಸತ್ವ ಎಲೆಕ್ಟ್ರಾನನ್ನು ಕೊಟ್ಟು ಈ ಕೆಲಸಕ್ಕೆ ನೆರವಾಗುತ್ತದೆ. ಆದ್ದರಿಂದ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡುವುದು ರುಚಿಗೆ ಮಾತ್ರವಲ್ಲ. ಊಟದ ಜೊತೆಗೆ, ಊಟವಾದ ಕೂಡಲೇ, ಕುಡಿಯುವ ಟೀ ಕಾಫಿಗಳ ಒಗರು ಕಬ್ಬಿಣವನ್ನು ಹಿಡಿದು ಕೂರುತ್ತದೆ; ಒಂದು ಗಂಟೆಯಾದರೂ ಬಿಟ್ಟು ಕುಡಿಯುವುದು ಒಳ್ಳೆಯದು. ರಾಗಿಯಲ್ಲಿ ಕಬ್ಬಿಣವಿದ್ದರೂ ಅದನ್ನು ಕಟ್ಟಿಹಾಕುವ ಫೈಟೇಟು ಎಂಬ ವಸ್ತುವೂ ಇದೆ. ರಾಗಿಯನ್ನು ನೆನೆಹಾಕಿ ಮೊಳಕೆ ಬರಿಸಿ ಒಣಗಿಸಿ ಬೀಸಿದರೆ ಫೈಟೇಟು ಇಳಿಯುತ್ತದೆ, ಕಬ್ಬಿಣ ಸಡಿಲುತ್ತದೆ. ಮಕ್ಕಳಿಗೆ ಮೊಳಕೆ ರಾಗಿಯ ಹಿಟ್ಟಿನ ಗಂಜಿ ಮಾಡುವ ಮನೆಗಳಲ್ಲಿ ಇದು ಹಿಂದಿನಿಂದಲೂ ನಡೆದು ಬಂದಿದೆ. ಮೈಯಲ್ಲಿ ಸುಸ್ತು, ಏದುಸಿರು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿರುವುದು ಕಂಡರೆ ಮಾತ್ರ ಗಂಜಿಯನ್ನೇ ನಂಬಿ ಕೂರದೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಫೆರಸ್ ಲವಣವೇ.